ಹದಿನೇಳನೇ ಮನೆ ಟೊಮೆಟೊ

ಗಿಡಗಳು ಮಾತಾಡ್ತವೆ ಅಂತ ಗೊತ್ತಾಗಿದ್ದೇ ತಡ, ಅವು ಏನು ಮಾತಾಡ್ಕೊಂತವೆ ಅಂತ ಕದ್ದು ಕೇಳೋಕೆ ತೋಟದ ಕಚೇರಿಯೋರು ಒಂದು ಮೂಗು ಮಾಡಿಸಿದ್ರು. ಕಿವಿ ಅಲ್ಲ, ಮೂಗೇ. ಗಿಡ ಬಾಯಲ್ಲಿ ಮಾತಾಡಲ್ವಲ್ಲ, ವಾಸನೇಲಿ ಮಾತಾಡ್ತದೆ. ಹುಳ ಬಂದು ಟೊಮೆಟೊ ಎಲೆ ಕಡೀತು ಅನ್ನಿ, ಆ ಎಲೆ ಸುಮ್ನೆ ಕಡಿಸ್ಕೊಂಡು ಕೂರಲ್ಲ, ಒಂಥರಾ ವಾಸನೆ ಬಿಡ್ತದೆ. ಪಕ್ಕದ ಗಿಡ ಅದನ್ನ ಮೂಸಿ, ಓಹೋ ಕಳ್ಳ ಬಂದವ್ನೆ ಅಂತ ತನ್ನ ಎಲೇನ ಕಹಿ ಮಾಡ್ಕೊಂತದೆ. ಮನುಷ್ಯರ ಮೂಗಿಗೆ ಇದು ಹತ್ತಲ್ಲ. ಕಚೇರಿ ಮೂಗಿಗೆ ಹತ್ತೋದು. ನೋಡೋಕೆ ಹಾಗಲಕಾಯಿ ಗಾತ್ರ, ಹಾಗಲಕಾಯಿ ತರಾನೇ ಮೈಯೆಲ್ಲ ಗುಳ್ಳೆ, ಗಾಜಿನ ಛಾವಣಿಯಿಂದ ತಂತೀಲಿ ನೇತಾಡ್ಕೊಂಡಿರೋದು.

ಗಾಜಿನ ಛಾವಣಿ ಯಾಕೆ ಅಂದ್ರೆ, ಆ ಕಾಲಕ್ಕೆ ಚಳ್ಳಕೆರೆ ಸೀಮೆ ಬಿಸಿಲು ಹೆಂಗೆ ಏರಿತ್ತು ಅಂದ್ರೆ, ಸೀರೆ ಒಗೆದು ಒಂದು ತುದಿ ಹಿಂಡೋದ್ರೊಳಗೆ ಇನ್ನೊಂದು ತುದಿ ಒಣಗಿ ಹಪ್ಪಳ ಆಗಿರೋದು. ಹೊಲಕ್ಕೆ ಬೀಜ ಚೆಲ್ಲಿದ್ರೆ ಮೊಳಕೆ ಬರ್ತಿರ್ಲಿಲ್ಲ, ಹುರಿದ ಘಮ ಬರ್ತಿತ್ತು. ಅದಕ್ಕೇ ಹೊಸ ಕಾಲೋನೀಲಿ ಮನೆಮನೆ ಹಿತ್ತಲಿಗೂ ಒಂದೊಂದು ಗಾಜಿನ ತೋಟ ಕಟ್ಟಿಸಿ ಕೊಟ್ಟಿದ್ರು. ಸಾಲಿಗೆ ಇಪ್ಪತ್ತೆರಡು ಮನೆ. ಬಿಸಿಲಿಗೆ ಕಾಲಿಡದಂಗೆ ಈ ತುದಿಯಿಂದ ಆ ತುದಿಗೆ ಮುಚ್ಚಿದ ಓಣಿ. ಎಲ್ಲಾ ತೋಟಕ್ಕೂ ತಂಗಾಳಿ ಹೋಗೋದು ಒಂದೇ ಕೊಳವೇಲಿ.

ಆದ್ರೆ ಆ ಮೂಗಿಗೆ ಒಂದು ಕೊರತೆ. ಒಂದು ಮನೇಲಿ ಒಂದೇ ತರಕಾರಿ ಇದ್ರೆ ಅದರ ಮಾತು ಚೆನ್ನಾಗಿ ತಿಳೀತಿತ್ತು. ನಾಲ್ಕಾರು ಸೇರಿದ್ವು ಅಂದ್ರೆ, ಸೋಮವಾರದ ಸಂತೆ ನಡುವೆ ನಿಂತ ಕಿವುಡಿ ತರ ಕಕ್ಕಾಬಿಕ್ಕಿ ಆಗೋದು. ಅದಕ್ಕೇ ಕಾನೂನು ಮಾಡಿದ್ರು: ಮನೆಗೆ ಒಂದೇ ತರಕಾರಿ. ನಿನ್ನ ಮನೇಲಿ ಟೊಮೆಟೊ, ನನ್ನ ಮನೇಲಿ ಬದನೆ, ಬೆಳಿಗ್ಗೆ ಬುಟ್ಟೀಲಿ ಹಂಚ್ಕೊಂಡು ತಿನ್ನಿ ಅಂತ. ಯಾವ ಮನೆ ಯಾವ ತರಕಾರಿ ಅನ್ನೋದನ್ನ ಸಾಲಿಗೊಂದರಂತೆ ಕೊಟ್ಟಿದ್ದ ಗಾಜಿನ ಪಾಟೀಲಿ ಬರೆದು, ಮನೆಯಾಕೆ ಹೆಬ್ಬೆಟ್ಟು ಒತ್ತಬೇಕು. ಪಾಟೀಲಿ ಬರೆದದ್ದು ನೆಟ್ಟಗೆ ಕಂಟ್ರೋಲ್ ರೂಮಿಗೆ ಹೋಗೋದು.

ಆ ಕಂಟ್ರೋಲ್ ರೂಮಲ್ಲಿ ವನಜಾಕ್ಷಿಗೆ ಕೆಲಸ. ನಲವತ್ತೆರಡು ವಯಸ್ಸು, ಗಂಡನ ಮನೆ ಎರಡೇ ವರ್ಷಕ್ಕೆ ಸಾಕಾಗಿ ಅಣ್ಣನ ಮನೆಗೆ ವಾಪಸ್ಸು ಬಂದವಳು. ನಾಲ್ಕನೇ ಸಾಲು, ಹದಿನೇಳನೇ ಮನೆ. ಅಣ್ಣ ಬಿಸಿಲು ಕರೆಂಟಿನ ಕಾರ್ಖಾನೇಲಿ ಕನ್ನಡಿ ಒರೆಸೋ ಕೆಲಸಕ್ಕೆ ಹೋದ್ರೆ ಶನಿವಾರವೇ ಬರೋದು. ಮನೇಲಿ ಇದ್ದದ್ದು ವನಜ, ಅವಳ ಅತ್ತಿಗೆ ಬೋರಕ್ಕ. ಬೋರಕ್ಕ ಮದುವೆ ಆಗಿ ಬಂದಾಗ ವನಜಂಗೆ ಏಳು ವರ್ಷ. ಹೇನು ಹೆಕ್ಕಿ, ಜಡೆ ಹಾಕಿ ಬೆಳೆಸಿದೋಳು ಅವಳೇ.

ತೋಟ ಪೂರಾ ಬೋರಕ್ಕಂದು. ವನಜನ್ನ ಒಳಗೆ ಬಿಡ್ತಿರ್ಲಿಲ್ಲ. ಆಫೀಸಿನ ಕಾಲು ತಗೊಂಡು ಒಳಗೆ ಬರಬೇಡ, ಗಿಡ ಹೆದರ್ಕೊಂತವೆ ಅನ್ನೋಳು. ವನಜಂಗೂ ದಿನವಿಡೀ ಪರದೆ ಮೇಲೆ ತೋಟ ನೋಡಿ ನೋಡಿ ಕಣ್ಣು ಬತ್ತಿರೋದು, ಮನೇಲಿ ಇನ್ನೇನು ನೋಡೋದು ಅಂತ ಸುಮ್ಮನಾಗಿದ್ಲು. ತಟ್ಟೆಗೆ ಬಂದದ್ದು ಉಣ್ಣೋಳು. ಒಂದಿನ ಬದನೆ, ಒಂದಿನ ಅವರೆ, ಒಂದಿನ ಮೂಲಂಗಿ. ಎಲ್ಲ ಬುಟ್ಟೀಲಿ ಬಂದದ್ದು ಅನ್ಕೊಂಡಿದ್ಲು.

ಈ ನಾಲ್ಕನೇ ಸಾಲು ಅಂದ್ರೆ ಕಚೇರಿಗೆ ದೇವರ ಸಮಾನ. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಅಲ್ಲಿಂದ ಕೆಂಪು ದೀಪ ಹತ್ತಿರ್ಲಿಲ್ಲ. ಬೇರೆ ಸಾಲುಗಳಲ್ಲಿ ಬಿಳಿನೊಣ, ಹೇನು, ಬುಡ ಕೊಳೆ, ಒಂದಲ್ಲ ಒಂದು. ಒಂದು ಮನೆಗೆ ರೋಗ ಬಂತೋ, ಗಾಳಿ ಕೊಳವೇಲಿ ಇಪ್ಪತ್ತೆರಡಕ್ಕೂ ಹಬ್ತದೆ ಅಂತ ಇಡೀ ಸಾಲನ್ನೇ ಬೇಯಿಸೋರು. ಬೇಯಿಸೋದು ಅಂದ್ರೆ ಬೇಯಿಸೋದೇ. ಕಿಟಕಿ ಮುಚ್ಚಿ, ಕಾರ್ಖಾನೆಯ ಬಿಸಿಗಾಳಿ ಬಿಟ್ರೆ, ಗಿಡ ಗೋಣು ಹಾಕಿ, ಮಣ್ಣು ಒಂದು ಗೇಣು ಆಳಕ್ಕೆ ಕುದ್ದು, ಎರೆಹುಳ ಕೂಡ ಶಾವಿಗೆ ಆಗೋದು. ಆಮೇಲೆ ಆರು ತಿಂಗಳು ಸಸಿ ಇಲ್ಲ. ಕಚೇರಿಯೋರು ಕೊಡೋ ತರಕಾರಿ ಪುಡಿ ತಿನ್ಕೊಂಡಿರಬೇಕು. ಆ ಪುಡಿ ರುಚಿ ಹೇಳಬೇಕಂದ್ರೆ, ಸುಣ್ಣ ಬಳಿದ ಗೋಡೆ ನೆಕ್ಕಿ ನೋಡಿ, ಅದೇ ಮೇಲು.

ಕಂಟ್ರೋಲ್ ರೂಮಿನ ಮೇಲಿನವರು ಓಬಳೇಶಪ್ಪ. ಅವರ ಮನೆ ಇದ್ದದ್ದು ಒಂಬತ್ತನೇ ಸಾಲಲ್ಲಿ. ಆ ಸಾಲು ಆ ವರ್ಷ ಎರಡು ಸಲ ಬೆಂದಿತ್ತು, ಎರಡು ಸಲವೂ ಸಹಿ ಹಾಕಿದ್ದು ಓಬಳೇಶಪ್ಪನೋರೇ. ಹೆಂಡತಿ ಶಕುಂತಲಮ್ಮ ಅವತ್ತಿಂದ ಬುತ್ತಿಗೆ ಪುಡಿ ಸಾರು ಬಿಟ್ರೆ ಬೇರೆ ಕಟ್ಟಿದ್ದಿಲ್ಲ. ಇವರು ದಿನಾ ಮಧ್ಯಾಹ್ನ ಡಬ್ಬಿ ತೆಗೆದು, ಮುಚ್ಚಳ ಮುಚ್ಚಿ, ಗೋಡೆ ನೋಡೋರು. ಆ ಗೋಡೆ ಮೇಲೆ ಒಂದು ಬ್ಯಾನರು. ‘ಒಂದು ಮನೆ, ಒಂದು ತರಕಾರಿ. ನಾಲ್ಕನೇ ಸಾಲು ಎಲ್ಲರಿಗೂ ಮಾದರಿ.’ ಅದರ ವರದಿ ಬರೆದೋಳು ವನಜ. ಅದಕ್ಕೆ ಅವಳಿಗೆ ಶಾಲು ಹೊದಿಸಿದ್ರು.

ಆ ಮಂಗಳವಾರ ಹನ್ನೊಂದೂಕಾಲಿಗೆ ಕೆಂಪು ದೀಪ ಹತ್ತಿತು. ವನಜ ತಲೆ ಎತ್ತಿ ನೋಡ್ತಾಳೆ, ನಾಲ್ಕನೇ ಸಾಲು. ಕಣ್ಣು ಉಜ್ಜಿ ಮತ್ತೆ ನೋಡ್ತಾಳೆ, ಹದಿನೇಳನೇ ಮನೆ. ತನ್ನದೇ ಮನೆ. ಪರದೆ ಮೇಲೆ ಒಂದು ಗೆರೆ ಹಾವು ಹೆಡೆ ಎತ್ತಿದಂಗೆ ಎದ್ದು ನಿಂತಿತ್ತು. ಕೆಳಗೆ ಬರೆದಿತ್ತು: ಗೊತ್ತಿಲ್ಲದ ರೋಗ. ಮೂರು ಗಂಟೆಗೆ ಬೇಯಿಸಲಾಗುವುದು.

ಓಬಳೇಶಪ್ಪನೋರು ಬಂದು ಹಿಂದೆ ನಿಂತ್ರು. ಗೆರೆ ನೋಡಿದ್ರು, ಬ್ಯಾನರು ನೋಡಿದ್ರು. ಕೋಸು ಗಿಡಾನ ಹುಳ ಮೇಯುವಾಗ ಬರೋ ವಾಸನೆ ಇದು, ಅದೂ ಸಾವಿರ ಗಿಡಾನ ಒಟ್ಟಿಗೆ ಮೇಯ್ದಂಗಿದೆ, ಟೊಮೆಟೊ ಮನೇಲಿ ಕೋಸು ಎಲ್ಲಿಂದ ಬಂತಮ್ಮ ಅಂತ ಕೇಳಿದ್ರು. ವನಜ ಮೂಗು ಕೆಟ್ಟಿರಬೇಕು ಸಾರ್ ಅಂದ್ಲು. ಅವರು ತಲೆ ಆಡಿಸಿದ್ರು. ಮೂಗು ಹೇಳಿದ್ಮೇಲೆ ಮುಗೀತು, ಯಂತ್ರ ತಾನೇ ಬೇಯಿಸ್ತದೆ, ನಾನು ಬರೀ ಸಹಿ ಹಾಕೋನು, ತಡೆಯೋ ಗುಂಡಿ ನನ್ನ ಹತ್ರಾನೂ ಇಲ್ಲ, ಇದ್ದಿದ್ರೆ ನಮ್ಮನೆ ಬೆಂಡೆ ಬೇಯ್ತಿತ್ತಾ ಅಂದ್ರು.

ಅದು ನಿಜ. ಯಂತ್ರ ಕೇಳ್ತಿದ್ದದ್ದು ಒಂದೇ ಮಾತು, ಯಾವ ತರಕಾರಿ ಅಂತ. ಒಂದೊಂದು ತರಕಾರಿ ಬುಡಕ್ಕೆ ಒಂದೊಂದು ಜಾತಿ ಹುಳ, ಒಂದೊಂದು ಹುಳಕ್ಕೆ ಒಂದೊಂದು ಹದದ ಬಿಸಿ. ಮೂಲಂಗಿ ಹದ ಬೇರೆ, ಬದನೆ ಹದ ಬೇರೆ. ಪಾಟೀಲಿ ಬರೆದ ಹೆಸರು ನೋಡ್ಕೊಂಡು ತಾನೇ ಹದ ಹಾಕ್ಕೊಂತಿತ್ತು.

ವನಜ ಮನೆಗೆ ಫೋನು ಮಾಡಿದ್ಲು. ತೋಟದಲ್ಲಿ ಏನಾದ್ರೂ ಆಗಿದ್ಯಾ ಅತ್ತಿಗೆ ಅಂತ ಕೇಳಿದ್ಲು.

"ಏನೂ ಇಲ್ಲ ಕಣೆ. ಟೊಮೆಟೊ ಟೊಮೆಟೊ ತರಾನೇ ಐತೆ" ಅಂದ್ಲು ಬೋರಕ್ಕ. ಅಂದೋಳು ಕೆಮ್ಮಿದ್ಲು. ಒಂದಲ್ಲ, ಮೂರು ಸಲ. ಆಮೇಲೆ ಒಂದು ಸೀನು, ಇಡೀ ಸಾಲಿನ ಗಾಜು ಅದುರೋ ಅಂಥದ್ದು.

ಆ ಕೆಮ್ಮಲ್ಲಿ ಏನೋ ಐತೆ ಅನ್ನಿಸ್ತು ವನಜಂಗೆ. ನೋಡ್ಕೊಂಡು ಬರ್ತೀನಿ ಸಾರ್ ಅಂತ ಕೇಳಿ, ಕಚೇರಿಯ ಬೆಳ್ಳಿ ಬಣ್ಣದ ವ್ಯಾನು ಹತ್ತಿದ್ಲು. ವ್ಯಾನಿನ ಚಕ್ರ ರಸ್ತೆಗೆ ಅಂಟಿ ಅಂಟಿ ಬಿಡ್ತಿತ್ತು, ದೋಸೆ ಕಾವಲಿಯಿಂದ ಎದ್ದಂಗೆ. ದಾರಿಯುದ್ದಕ್ಕೂ ವನಜ ಗಡಿಯಾರ ನೋಡಿದ್ದೇ ನೋಡಿದ್ದು. ಇನ್ನು ಮೂರು ಗಂಟೆ. ಇಪ್ಪತ್ತೆರಡು ಮನೆ. ಅಷ್ಟೂ ಮನೆ ಹೆಂಗಸರು ನಾಳೆಯಿಂದ ತನ್ನ ಮುಖ ಹೆಂಗೆ ನೋಡ್ತಾರೆ ಅಂತ ಲೆಕ್ಕ ಹಾಕ್ತಿದ್ಲು.

ಮನೆ ಬಾಗಿಲು ದಾಟಿ ನೆಟ್ಟಗೆ ಗಾಜಿನ ತೋಟಕ್ಕೆ ನುಗ್ಗಿದ್ಲು. ಬೋರಕ್ಕ ಅಡ್ಡ ನಿಂತ್ಲು, ಸರಿಸಿ ಒಳಗೆ ಕಾಲಿಟ್ಲು. ಇಟ್ಟೋಳು ಅಲ್ಲೇ ನಿಂತುಬಿಟ್ಲು.

ಟೊಮೆಟೊ ಇತ್ತು. ಇಲ್ಲ ಅನ್ನಂಗಿಲ್ಲ. ಆದ್ರೆ ಟೊಮೆಟೊ ಕಂಬಕ್ಕೆ ಅವರೆ ಬಳ್ಳಿ ತಬ್ಕೊಂಡಿತ್ತು. ಬುಡದಲ್ಲಿ ಈರುಳ್ಳಿ ಕಿವಿ ನಿಗುರಿಸ್ಕೊಂಡು ಕೂತಿತ್ತು, ಪಕ್ಕದಲ್ಲೇ ಬದನೆ. ಎರಡು ಟೊಮೆಟೊ ನಡುವೆ ಒಂದು ಮೂಲಂಗಿ, ಎರಡು ಮೂಲಂಗಿ ನಡುವೆ ಒಂದು ಹಿಡಿ ಮೆಂತ್ಯ. ಗೋಡೆ ಉದ್ದಕ್ಕೂ ಚೆಂಡುಹೂವು, ಮದುವೆ ಚಪ್ಪರ ಹಾಕಿದಂಗೆ. ಮೂಲೇಲಿ ಹೀರೆ ಬಳ್ಳಿ ಛಾವಣಿಗೆ ಹತ್ತಿ, ಆ ಮೂಗಿನ ಸುತ್ತ ಎರಡು ಸುತ್ತು ಸುತ್ತಿ, ಅದಕ್ಕೆ ಮೂಗುತಿ ಇಟ್ಟಂಗೆ ಒಂದು ಹಳದಿ ಹೂವು ಬಿಟ್ಟಿತ್ತು. ಕಾಲು ಇಡೋಕೆ ಮಣ್ಣು ಕಾಣ್ತಿರ್ಲಿಲ್ಲ. ಹನ್ನೊಂದು ತಿಂಗಳು ಪಕ್ಕದ ಕೋಣೇಲಿ ಮಲಗಿದ್ದೋಳಿಗೆ ಇದು ಗೊತ್ತಿರ್ಲಿಲ್ಲ.

ನಡುಮಧ್ಯ ಒಂದು ಹೆಂಚಿನ ಚೂರು. ಅದರಲ್ಲಿ ಕೆಂಡ ಆರಿ ಬೂದಿ ಆಗಿತ್ತು. ಬೂದಿ ಮೇಲೆ ಸುಟ್ಟು ಕರ್ರಗಾದ ಒಣಮೆಣಸಿನಕಾಯಿ, ಕಲ್ಲುಪ್ಪು, ಸಿಡಿದ ಸಾಸಿವೆ.

ವನಜ ಅದನ್ನ ನೋಡಿದ್ಲು, ಅತ್ತಿಗೆ ಮುಖ ನೋಡಿದ್ಲು. "ದೃಷ್ಟಿ ತೆಗೆದ್ಯಾ?"

ಬೋರಕ್ಕ ಸೆರಗಿನ ತುದಿ ತಿರುಚ್ತಾ ಗಿಡದ ಕಡೆ ತಿರುಗಿದ್ಲು. ಭಾನುವಾರ ಹದಿನೆಂಟನೇ ಮನೆ ಚೆನ್ನಾಜಮ್ಮ ಬುಟ್ಟಿ ಇಸ್ಕೊಳೋಕೆ ಬಂದಿದ್ಲಂತೆ. ಬಂದೋಳು ಗಾಜಿಗೆ ಮುಖ ಒತ್ತಿ, ಏನೇ ಇದು ನಿನ್ನ ಟೊಮೆಟೊ, ಕೂಸಿನ ಕೆನ್ನೆ ತರ ಐತಲ್ಲೇ, ಹಿಂಡಿಬಿಡಾನ ಅನ್ನಿಸ್ತದೆ ಅಂದ್ಲಂತೆ. ಅಂದು ಥೂ ಅಂತ ಒಂದು ಸಲ ಉಗುಳಲೂ ಇಲ್ಲ, ಹಂಗೇ ಹೋದ್ಲಂತೆ. ಮಾರನೇ ದಿನ ನಾಲ್ಕು ಕಾಯಿ ಉದುರಿ ಬಿದ್ದಿದ್ವು. ಚೆನ್ನಾಜಮ್ಮನ ಕಣ್ಣು ಬಿದ್ರೆ ಹಾಲು ಕರೆಯೋ ಹಸು ಒದೆಯೋಕೆ ಶುರು ಮಾಡ್ತದೆ ಅಂತ ಬೋರಕ್ಕನ ನಂಬಿಕೆ. ಮಂಗಳವಾರ ತಾನೆ ದೃಷ್ಟಿ ತೆಗೆಯೋದು, ಹೊರಗೆ ಒಲೆ ಉರಿಯಂಗೆ ಬಿಸಿಲು, ದೃಷ್ಟಿ ಆಗಿರೋದರ ಮುಂದೇನೇ ಸುಡಬೇಕು, ಅದಕ್ಕೇ ಇಲ್ಲೇ ಸುಟ್ಟೆ ಅಂದ್ಲು.

ಸುಟ್ಟ ಸಾಸಿವೆ! ಕೋಸು ಗಿಡ, ಸಾಸಿವೆ ಗಿಡ ಎರಡೂ ಒಂದೇ ವಂಶ. ಹುಳ ಮೇಯುವಾಗ ಕೋಸು ಬಿಡೋ ಘಾಟೂ, ಬಾಣಲೇಲಿ ಸಿಡಿಯೋ ಸಾಸಿವೆ ಘಾಟೂ ಹೆಚ್ಚುಕಮ್ಮಿ ಒಂದೇ. ಪಾಪದ ಮೂಗು, ಅದು ಹುಟ್ಟಿದಾಗಿಂದ ಒಂದು ಒಗ್ಗರಣೆ ಕಂಡಿಲ್ಲ. ಸಾವಿರ ಕೋಸು ಒಟ್ಟಿಗೆ ಬೊಬ್ಬೆ ಹೊಡೀತಾವೆ ಅಂತ ಗಾಬರಿ ಬಿದ್ದು ದೀಪ ಹಚ್ಚಿತ್ತು.

ವನಜ ಅಲ್ಲೇ ಕುಕ್ಕುರುಗಾಲಲ್ಲಿ ಕೂತ್ಲು. ಹೊಗೆ ಸಂಗತಿ ಹೇಳಿದ್ರೂ ಯಂತ್ರ ನಿಲ್ಲಲ್ಲ. ತಪಾಸಣೆಗೆ ಕರೆದ್ರೆ ಈ ಸಂತೆ ಕಾಣ್ತದೆ. ಬೆರಕೆ ಹಾಕಿದ ಮನೆಗೆ ಒಂದು ಬೆಳೆ ಕಾಲ ಸಸಿ ಬಂದ್, ಕಚೇರಿ ಕೆಲಸದೋರ ಮನೆ ಆದ್ರೆ ಕೆಲಸವೂ ಬಂದ್. ಯಾಕೆ ಹಿಂಗೆ ಮಾಡ್ದೆ ಅಂತ ಕೇಳಿದ್ಲು.

ಬೋರಕ್ಕಂಗೆ ಅದು ಪ್ರಶ್ನೆ ಅಂತಾನೇ ಅನ್ನಿಸಲಿಲ್ಲ. ನಮ್ಮವ್ವ ರಾಗಿ ಹೊಲದಾಗೆ ಏನು ಮಾಡ್ತಿದ್ಲು ಅಂತ ಕೇಳಿದ್ಲು. ಗಂಡಸರು ರಾಗಿ ಬಿತ್ಕೊಂಡು ಹೋಗೋರು, ಹಿಂದೇನೇ ಹೆಂಗಸರು ಮಡಿಲಲ್ಲಿ ಬೀಜ ಕಟ್ಕೊಂಡು ಸಾಲು ಬಿಟ್ಟು ಸಾಲಿಗೆ ಅಕ್ಕಡಿ ಹಾಕೋರು. ಅವರೆ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಅಕ್ಕಡಿ ಸಾಲು ಅಂದ್ರೆ ಹೆಂಗಸರ ಸಾಲು, ಅದರಲ್ಲಿ ಬಂದದ್ದಕ್ಕೆ ಗಂಡಸರು ಕೈ ಹಾಕಂಗಿರ್ಲಿಲ್ಲ. ಒಂದಕ್ಕೆ ಬಂದ ಹುಳಾನ ಇನ್ನೊಂದು ಓಡಿಸೋದು, ಒಂದು ಹೋದ್ರೆ ಇನ್ನೊಂದು ಕೈ ಹಿಡಿಯೋದು. ಗಿಡ ಒಂಟಿಯಾಗಿ ನಿಂತ್ರೆ ಮಂಕಾಗ್ತದೆ ಕಣೆ, ಮಾತಾಡೋಕೆ ಯಾರೂ ಇಲ್ಲದ ಮನೇಲಿ ಸೊಸೆ ಇದ್ದಂಗೆ ಅಂದ್ಲು.

ನೀನೊಬ್ಬಳೇ ಮಾಡಿದ್ದಾ ಅಂತ ವನಜ ಕೇಳಿದ್ಲು. ಬೋರಕ್ಕ ಮೂಗಿಗೆ ಕೇಳಿಸಬಾರದು ಅನ್ನಂಗೆ ದನಿ ತಗ್ಗಿಸಿದ್ಲು.

"ಇಡೀ ಸಾಲೇ ಹಿಂಗೇ ಐತೆ ಕಣೆ. ಬೆಳಿಗ್ಗೆ ಬುಟ್ಟಿ ಓಡಾಡ್ತದಲ್ಲ, ಮೇಲೆ ತರಕಾರಿ, ಕೆಳಗೆ ಸಸಿ."

ವನಜಂಗೆ ಆ ಬ್ಯಾನರು ಕಣ್ಣಮುಂದೆ ಬಂತು. ಅವತ್ತು ಹೊದ್ದ ಶಾಲಿನ ನೆನಪು ಮೈಮೇಲೆ ಈಗ ಕಂಬಳಿ ಹುಳದಂಗೆ ಹರಿದಾಡ್ತು. ಹನ್ನೊಂದು ತಿಂಗಳು ನಾಲ್ಕನೇ ಸಾಲಿಗೆ ರೋಗ ಬರದೇ ಇದ್ದದ್ದು ಕಾನೂನು ಪಾಲಿಸಿದ್ದಕ್ಕಲ್ಲ, ಮುರಿದಿದ್ದಕ್ಕೆ. ತಾನು ಬರೆದ ವರದಿ ಓದಿ ಉಳಿದ ಸಾಲುಗಳೆಲ್ಲ ಒಂಟಿ ತರಕಾರಿ ಹಾಕಿ ಹಾಕಿ ಬೇಯ್ತಾ ಇದ್ವು. ವರದೀಲಿ ನಾನು ಸುಳ್ಳು ಬರೆದಂಗಾಯ್ತಲ್ಲ ಅತ್ತಿಗೆ ಅಂದ್ಲು.

"ನೀನು ಬರೀದೆ ಇನ್ಯಾರು ಬರೀತಾರೆ. ಟೊಮೆಟೊ ಅಂತ ಪಾಟೀಲಿ ಬರೆದೋಳೂ ನೀನೇ. ನಾನು ಬರೀ ಹೆಬ್ಬೆಟ್ಟು ಒತ್ತಿದೋಳು" ಅಂದ್ಲು ಬೋರಕ್ಕ, ನಗಾಡ್ತಾ ಅಲ್ಲ, ಅಳು ಬರೋ ಅಂಥ ದನೀಲಿ.

ಆ ಮಾತು ಕೇಳಿ ವನಜ ತಟ್ಟನೆ ತಲೆ ಎತ್ತಿದ್ಲು. ಪಾಟಿ. ಪಾಟೀಲಿ ಬರೆದದ್ದು. ಎರಡನೇ ಸಾಲಿನ ಸಿದ್ದವೀರಪ್ಪ ಅನ್ನೋ ಮುದುಕಪ್ಪ ಹೋದ ವರ್ಷ ಗೊತ್ತಿಲ್ಲದೆ ಮೆಂತ್ಯ, ಕೊತ್ತಂಬರಿ ಅಂತ ಎರಡು ಹೆಸರು ಬರೆಸಿದ್ದ. ಯಂತ್ರ ಒಂದು ಜಾಗದಲ್ಲಿ ಎರಡು ಹೆಸರು ನುಂಗೋಕೆ ಆಗದೆ, ಅವನ ಮನೇನ ವಿಚಾರಣೆ ಅಂತ ಪಕ್ಕಕ್ಕಿಟ್ಟು, ಕಾಗದ ದೊಡ್ಡ ಕಚೇರಿಗೆ ಹೋಗಿ ಹದಿನೈದು ದಿನ ತಿರುಗಿ ಬರಲಿಲ್ಲ. ಆ ಹದಿನೈದು ದಿನ ಯಂತ್ರ ಆ ಮನೆ ಕಡೆ ತಿರುಗಿ ನೋಡಿರ್ಲಿಲ್ಲ. ಹೆಸರಿಲ್ಲದ ಮನೆಗೆ ಅದಕ್ಕೆ ಯಾವ ಹದವೂ ಗೊತ್ತಿಲ್ಲ. ಆಮೇಲೆ ಬಂದು ಕೊತ್ತಂಬರಿ ಕಿತ್ತು, ಸಸಿ ನಿಲ್ಲಿಸಿ ಹೋಗಿದ್ರು, ಅದು ಬೇರೆ ಮಾತು.

ನಿಜ ಬರೆದುಬಿಟ್ರೆ? ಬೇಯಿಸೋಕಾಗಲ್ಲ. ಆದ್ರೆ ಇಪ್ಪತ್ತೆರಡು ಮನೆಯೋರೂ ಬರೀಬೇಕು. ಒಂದು ಮನೆ ಹೆಸರು ಸರಿಯಾಗಿದ್ರೂ ಸಾಕು, ಆ ಒಂದರ ಹದದಲ್ಲೇ ಯಂತ್ರ ಕೊಳವೆಗೆ ಬಿಸಿ ಬಿಡ್ತದೆ. ಬರೆದಮೇಲೆ ತಪ್ಪು ಒಪ್ಪಿಕೊಂಡಂಗೆ. ಹದಿನೈದು ದಿನ ಆದ್ಮೇಲೆ ಏನೋ ಎಂತೋ. ಇದನ್ನೆಲ್ಲ ಅತ್ತಿಗೆಗೆ ಹೇಳಿದ್ಲು.

ಬೋರಕ್ಕ ಗೂಟಕ್ಕೆ ತೂಗುಹಾಕಿದ್ದ ಸಾಲಿನ ಪಾಟಿ ತಂದು ಮುಂದಿಟ್ಲು. ವನಜ ಒಂದೊಂದೇ ಹೆಸರು ಬರೆದ್ಲು: ಟೊಮೆಟೊ, ಅವರೆ, ಈರುಳ್ಳಿ, ಬದನೆ, ಮೂಲಂಗಿ, ಮೆಂತ್ಯ, ಹೀರೆ. ಜಾಗ ಮುಗೀತು, ಅಕ್ಷರ ಅಂಚು ದಾಟಿ ಹೊರಗೆ ಹೋಯ್ತು. ಚೆಂಡುಹೂವು ಬಿಟ್ಟೆಯಲ್ಲೇ ಅಂತ ಬೋರಕ್ಕ ನೆನಪಿಸಿದ್ಲು. ಅದನ್ನೂ ಸೇರಿಸಿದ್ಮೇಲೆ ಹೆಬ್ಬೆಟ್ಟು ಒತ್ತಿದ್ಲು.

ಆಮೇಲೆ ಇಬ್ಬರೂ ಓಣಿ ಹಿಡಿದು ಹೊರಟ್ರು. ಮೊದಲ ಮನೆಯೋಳು ಬಾಗಿಲು ತೆಗೆದು, ವನಜನ ಕೊರಳಲ್ಲಿ ಕಚೇರಿ ಬಿಲ್ಲೆ ಕಂಡಿದ್ದೇ, ನಮ್ಮನೇಲಿ ಬರೀ ಹುರುಳಿಕಾಯಿ ಅಂತ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತ್ಲು. ಅವಳ ಕಂಕುಳಡಿಯಿಂದ ಕುಂಬಳ ಬಳ್ಳಿ ತಲೆ ಹಾಕಿ ಇಣುಕ್ತಿತ್ತು. ಇನ್ನೊಬ್ಬಳು ತಾನು ನೆಟ್ಟದ್ದಲ್ಲ, ಗಾಳೀಲಿ ಬಂದು ಬಿದ್ದಾವೆ ಅಂದ್ಲು. ಗಾಳೀಲಿ ಗೆಣಸು ಹಾರಿ ಬಂತಾ ಅಂದ್ಲು ಬೋರಕ್ಕ. ಎಲ್ಲರಿಗೂ ಹೆದರಿಕೆ. ಸಸಿ ನಿಂತ್ರೆ ಏನು ಗತಿ, ಮನೆ ಕಿತ್ಕೊಂಡ್ರೆ ಏನು ಗತಿ, ಗಂಡ ಬೈದ್ರೆ ಏನು ಗತಿ. ವನಜ ಎಲ್ಲರಿಗೂ ಒಂದೇ ಹೇಳಿದ್ಲು: ಒತ್ತದಿದ್ರೆ ಮೂರು ಗಂಟೆಗೆ ಬೇಯ್ತದೆ, ಒತ್ತಿದ್ರೆ ಹದಿನೈದು ದಿನ ಉಳೀತದೆ, ಆಮೇಲಿಂದು ನಂಗೂ ಗೊತ್ತಿಲ್ಲ. ಬೆವರಿಗೆ ಹೆಬ್ಬೆಟ್ಟು ಜಾರೋದು, ಪಾಟಿ ಒಪ್ಪದು, ಸೀರೆಗೆ ಒರೆಸಿ ಮತ್ತೆ ಒತ್ತೋದು. ಗಂಟೆ ಎರಡು ದಾಟುವಾಗ ಇಪ್ಪತ್ತೊಂದು ಮನೆ ಆಗಿತ್ತು.

ಉಳಿದದ್ದು ಹದಿನೆಂಟನೇ ಮನೆ. ಬೇಕಂತಲೇ ಕೊನೆಗೆ ಇಟ್ಕೊಂಡಿದ್ರು.

ಚೆನ್ನಾಜಮ್ಮ ಎಲ್ಲ ಕೇಳಿದ್ಲು. ಬದನೆ ಜತೆ ತಾನೂ ನಾಲ್ಕು ಹಾಕಿರೋದು ನಿಜ, ಆದ್ರೆ ಹೇಳಲ್ಲ ಅಂದ್ಲು. ಮಾಡಿದೋಳು ಯಾರೋ, ಹೆಬ್ಬೆಟ್ಟು ನಾನ್ಯಾಕೆ ಒತ್ತಲಿ, ಅವಳು ಅದ್ಯಾವ ಘನಂದಾರಿ ಕೆಲಸಕ್ಕೆ ತೋಟದಲ್ಲಿ ಸಾಸಿವೆ ಸುಟ್ಲು ಅದನ್ನ ಹೇಳಲಿ ಮೊದಲು ಅಂತ ಸೊಂಟದ ಮೇಲೆ ಕೈಯಿಟ್ಟು ನಿಂತ್ಲು. ವನಜ ಏನೋ ಸುಳ್ಳು ಹೆಣೆಯೋಕೆ ಬಾಯಿ ತೆಗೆದ್ಲು. ಬೋರಕ್ಕ ಅವಳ ಕೈ ಹಿಡಿದು ನಿಲ್ಲಿಸಿದ್ಲು.

"ನಿನ್ನ ಕಣ್ಣಿಗೇ ಕಣೆ ಚೆನ್ನಾಜಿ ತೆಗೆದದ್ದು. ನನ್ನ ಟೊಮೆಟೊ ಮೇಲೆ ನಿನ್ನ ಕಣ್ಣು ಬಿತ್ತು ಅಂತ."

ಚೆನ್ನಾಜಮ್ಮನ ಮುಖ ಸುಟ್ಟ ಬದನೇಕಾಯಿ ಸಿಪ್ಪೆ ಬಿಟ್ಕೊಂಡಂಗೆ ಆಯ್ತು.

"ನಂಗೆ ಮಕ್ಕಳಿಲ್ಲ ಅಂತ ತಾನೆ, ನನ್ನ ಕಣ್ಣು ಕೆಟ್ಟದ್ದು ಅನ್ಕೊಂಡೆ."

ಬೋರಕ್ಕ ಇಲ್ಲ ಅನ್ನಲಿಲ್ಲ. ಹೂಂ, ಹಂಗೇ ಅನ್ಕೊಂಡೆ, ತಪ್ಪಾಯ್ತು ಅಂತ ತಲೆ ತಗ್ಗಿಸಿದ್ಲು. ನಿನ್ನ ಬದನೆ ಸಸಿ ಇಲ್ಲದಿದ್ರೆ ನನ್ನ ತೋಟದಲ್ಲಿ ಬದನೆ ಅನ್ನೋದೇ ಇರ್ತಿರ್ಲಿಲ್ಲ, ಅದೂ ನಿಜ ಅಂದ್ಲು. ಚೆನ್ನಾಜಮ್ಮ ಪಾಟೀನ ವನಜನ ಕೈಯಿಂದ ಕಿತ್ಕೊಂಡು, ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಎಷ್ಟು ತಟ್ಟಿದ್ರೂ ತೆಗೀಲಿಲ್ಲ.

ಎರಡೂ ಇಪ್ಪತ್ತು. ಬೇಯಿಸೋ ಹೊತ್ತಿಗೆ ಪರದೆ ಮುಂದೆ ಇಲ್ಲದಿದ್ರೆ ವನಜನ ಕೆಲಸ ಅಲ್ಲೇ ಹೋಗ್ತದೆ. ಬೋರಕ್ಕ ಮುಚ್ಚಿದ ಬಾಗಿಲ ಮುಂದೆ ನೆಲದ ಮೇಲೆ ಕೂತ್ಲು, ನೀನು ಹೋಗು, ನಾನಿಲ್ಲೇ ಇರ್ತೀನಿ ಅಂದ್ಲು. ವ್ಯಾನು ತಿರುಗುವಾಗ ವನಜ ನೋಡ್ತಾಳೆ, ಅತ್ತಿಗೆ ಆ ಬಾಗಿಲಿಗೆ ತಲೆ ಒರಗಿಸ್ಕೊಂಡು ಏನೋ ಹೇಳ್ತಾನೇ ಇದ್ಲು.

ಕಂಟ್ರೋಲ್ ರೂಮಲ್ಲಿ ನಾಲ್ಕನೇ ಸಾಲಿನ ಇಪ್ಪತ್ತೊಂದು ಮನೆ ಹಸಿರು ಹೋಗಿ ಬೂದಿ ಬಣ್ಣ ತಿರುಗಿದ್ವು. ಹದಿನೆಂಟನೇದು ಮಾತ್ರ ಹಸಿರಿಗೆ ಹಸಿರೇ: ಬದನೆ. ಯಂತ್ರ ಆಗಲೇ ಬದನೆ ಹದ ಹಾಕ್ಕೊಂಡು ಕೂತಿತ್ತು. ಓಬಳೇಶಪ್ಪನೋರು ಊಟದ ಡಬ್ಬಿ ಮುಚ್ಚಳ ತೆಗೆದು ಹಂಗೇ ಬಿಟ್ಟು, ಪರದೆ ನೋಡ್ತಾ ಕೂತಿದ್ರು. ಇದೇನಮ್ಮ ಅಂದ್ರು.

ವನಜ ಹೇಳಿಬಿಟ್ಲು. ಸಾಸಿವೆ ಹೊಗೆ, ಬುಟ್ಟಿ ತಳದ ಸಸಿ, ಹೆಂಗಸರ ಅಕ್ಕಡಿ ಸಾಲು, ಬ್ಯಾನರಿನ ಸುಳ್ಳು, ಒಂದೂ ಬಿಡಲಿಲ್ಲ. ಹೇಳ್ತಾ ಹೇಳ್ತಾ ಕಣ್ಣು ಗಡಿಯಾರದ ಮೇಲೆ. ಎರಡೂ ಐವತ್ತೆರಡು. ಎರಡೂ ಐವತ್ತೈದು. ಹದಿನೆಂಟು ಹಸಿರೇ. ಓಬಳೇಶಪ್ಪನೋರು ಗೋಡೆಗೆ ಒರಗಿಸಿದ್ದ ಕಂಬ ತರ ಕೂತಿದ್ರು. ಆಮೇಲೆ ಎದ್ದು ಬಚ್ಚಲ ಕಡೆ ಹೋದ್ರು, ಬಾಗಿಲು ಹಾಕ್ಕೊಂಡ್ರು. ಒಳಗೆ ಯಾರ ಹತ್ರಾನೋ ಫೋನಲ್ಲಿ ಪಿಸುಗುಟ್ಟಿದಂಗೆ ಕೇಳಿಸ್ತು. ದೊಡ್ಡ ಕಚೇರಿಗೇ ಹೇಳ್ತಾವ್ರೆ ಅನ್ಕೊಂಡ್ಲು ವನಜ.

ಎರಡೂ ಐವತ್ತೆಂಟು. ಬಿಸಿಗಾಳಿ ಕೊಳವೆ ಗುಡುಗುಡು ಅಂತ ಸದ್ದು ಮಾಡೋಕೆ ಶುರು ಮಾಡ್ತು. ವನಜಂಗೆ ಅತ್ತಿಗೆಯ ಹೀರೆ ಬಳ್ಳಿ, ಆ ಮೂಗಿಗೆ ಇಟ್ಟ ಹಳದಿ ಹೂವು ಕಣ್ಣಿಗೆ ಕಟ್ಟಿತು. ಅವಳು ಮುಖ ಮುಚ್ಕೊಂಡ್ಲು. ಬೆರಳ ಸಂದಿಯಿಂದ ನೋಡ್ತಾಳೆ, ಹದಿನೆಂಟನೇ ಮನೆ ಮಿಣುಕ್ ಅಂತು. ಹಸಿರು ಹೋಗಿ ಬೂದಿ ಆಯ್ತು. ಬರೆದಿದ್ದದ್ದು: ಬದನೆ, ಮೆಣಸಿನಕಾಯಿ, ಬೆಳ್ಳುಳ್ಳಿ, ದಂಟು, ಮತ್ತೆ ಬೋರಕ್ಕನ ಮನೆ ಟೊಮೆಟೊ.

ಮೂರು ಗಂಟೆ ಆಯ್ತು. ಯಂತ್ರ ಯಾವ ಹದ ಅಂತ ಕೇಳ್ತು. ಒಂದನೇ ಮನೆ ನೋಡ್ತು, ಹೆಸರಿಲ್ಲ. ಎರಡನೇದು ನೋಡ್ತು, ಹೆಸರಿಲ್ಲ. ಹಂಗೇ ಇಪ್ಪತ್ತೆರಡೂ ಬಾಗಿಲು ತಟ್ಟಿ, ಯಾರೂ ಹೆಸರು ಹೇಳದೆ, ನಿಂತಲ್ಲೇ ನಿಂತು, ಕೊಳವೆ ಗುಡುಗು ಮೆಲ್ಲಗೆ ಇಳಿದು ಸು‍ಮ್ಮನಾಯ್ತು. ಪರದೆ ಮೇಲೆ ಒಂದೇ ಸಾಲು: ವಿಚಾರಣೆ. ಹದಿನೈದು ದಿನ.

ವನಜ ಉಸಿರು ಬಿಟ್ಲು. ಬಿಟ್ಟ ಉಸಿರಿಗೆ ಮೇಜಿನ ಕಾಗದ ಹಾರಿದ್ವು. ಬಚ್ಚಲ ಬಾಗಿಲು ತೆಗೀತಾ ಇತ್ತು.

ಓಬಳೇಶಪ್ಪನೋರು ಬಂದು, ಅವಳ ಮುಖ ನೋಡದೆ, ತಮ್ಮ ಕುರ್ಚೀಲಿ ಬೆನ್ನು ತಿರುಗಿಸಿ ಕೂತ್ರು. ಅಷ್ಟರಲ್ಲಿ ಪರದೆ ಮೇಲೆ ಇನ್ನೊಂದು ಮನೆ ಬೂದಿ ಆಯ್ತು. ಇಪ್ಪತ್ಮೂರನೇದು. ನಾಲ್ಕನೇ ಸಾಲಿಂದಲ್ಲ. ಒಂಬತ್ತನೇ ಸಾಲು, ಐದನೇ ಮನೆ. ಹೆಬ್ಬೆಟ್ಟು ಶಕುಂತಲಮ್ಮಂದು. ಬೆಂಡೆ, ಅವರೆ, ಈರುಳ್ಳಿ, ಚೆಂಡುಹೂವು.

ವನಜ ಎರಡು ಸಲ ಓದಿದ್ಲು. ಬಚ್ಚಲಿಂದ ಫೋನು ಹೋದದ್ದು ದೊಡ್ಡ ಕಚೇರಿಗಲ್ಲ, ಅವರ ಮನೆಗೆ. ಆ ಸಾಲು ಬೆಂದು ಇನ್ನೂ ತಿಂಗಳಾಗಿರ್ಲಿಲ್ಲ. ಅಲ್ಲಿ ಇದ್ದದ್ದು ಸುಟ್ಟ ಮಣ್ಣು, ಒಂದು ಹುಲ್ಲುಕಡ್ಡಿಯೂ ಇಲ್ಲ. ಸಾರ್, ಇದರಲ್ಲಿ ಬರೆದಿರೋದು ಒಂದೂ ಅಲ್ಲಿ ಇಲ್ವಲ್ಲ ಸಾರ್ ಅಂದ್ಲು.

ಓಬಳೇಶಪ್ಪನೋರು ಡಬ್ಬಿ ಎಳ್ಕೊಂಡು, ಪುಡಿ ಸಾರಲ್ಲಿ ಅನ್ನ ಕಲಸೋಕೆ ಶುರು ಮಾಡಿದ್ರು.

"ನಿಮ್ಮ ಅತ್ತಿಗೆಯವರ ಹತ್ರ ಬೀಜ ಸಿಗ್ತದಾ ಕೇಳಿ. ಹದಿನೈದು ದಿನದೊಳಗೆ ಅವರೆ ಮೊಳಕೆ ಬರ್ತದಾ?"

"ಐದೇ ದಿನ ಸಾರ್" ಅಂದ್ಲು ವನಜ.